ಅಪ್‌ಡೇಟ್: ಡ್ರೂಪಲ್ ಹೆಚ್ಚಿನ ಹೊರೆ ತಾಳುವುದೇ?

ಲಾಗಿನ್ ಆಗಿ ಓದುವವರೇ ಹೆಚ್ಚಿರುವ ಜಾಲತಾಣಕ್ಕೆ ಡ್ರೂಪಲ್ (ಜಾಲತಾಣ ಕಟ್ಟಿ ನಿರ್ವಹಿಸುವ ತಂತ್ರಾಂಶ) ಸಾಲುವುದೇ ಎಂದು ಈ ಹಿಂದೆ ಕೇಳಿದ್ದೆ. ಉತ್ತರಿಸಿದವರ ಸಲಹೆಯಂತೆ, ಒಮ್ಮೆಗೇ ಅನೇಕ ಕೋರಿಕೆ ಕಳುಹಿಸಿ ತಾಣದ ಸಾಮರ್ಥ್ಯ ಅಳೆಯುವ ಉಪಕರಣವಾದ ಜೆಮೀಟರ್‌ನಲ್ಲಿ ಪರೀಕ್ಷಿಸಿದ್ದೇನೆ. ಮೊದಲ ಪರೀಕ್ಷೆಯೇ ತಪ್ಪಾಗಿತ್ತು: ಎಲ್ಲ ಕೋರಿಕೆಗಳನ್ನೂ ಲಾಗಿನ್ ಇಲ್ಲದೆ ಕಳುಹಿಸಿದ್ದರಿಂದ, 2015ರಲ್ಲಿ ಬಂದ ಡ್ರೂಪಲ್ 8ನೇ ಆವೃತ್ತಿಯಿಂದಲೂ ತಾನಾಗಿಯೇ ಚಾಲೂ ಇರುವ ಪುಟಗಳ ಕ್ಯಾಶ್ (ಒಮ್ಮೆ ತಯಾರಿಸಿದ್ದನ್ನು ಮತ್ತೆ ಬಳಸಲು ಉಳಿಸಿಡುವ ಸಂಗ್ರಹ) ಸಿದ್ಧ ಪುಟಗಳನ್ನೇ ಕೊಡುತ್ತಿತ್ತು, ನಾನು ಅದನ್ನೇ ಸರ್ವರಿನ ಸಾಮರ್ಥ್ಯವೆಂದು ಭ್ರಮಿಸಿದ್ದೆ. ಲಾಗಿನ್ ಆಗಿರುವುದನ್ನು ಸರ್ವರಿಗೆ ತಿಳಿಸುವ ಕುಕಿ ಸೇರಿಸಿ ಮತ್ತೆ ನಡೆಸಿದಾಗ ಭಾರವೆಲ್ಲ ಡೇಟಾಬೇಸಿನ ಮೇಲೆ ಬಿತ್ತು; ಏಕೆಂದರೆ ಬೇರೆ ವ್ಯವಸ್ಥೆ ಮಾಡದಿದ್ದರೆ ಡ್ರೂಪಲ್ ತನ್ನ ಕ್ಯಾಶನ್ನೂ ಅದೇ ಡೇಟಾಬೇಸಿನ ಕೋಷ್ಟಕಗಳಲ್ಲಿ ಇಡುತ್ತದೆ. ಕ್ಯಾಶನ್ನು, ಮೆಮೊರಿಯಲ್ಲೇ ದತ್ತಾಂಶ ಇಟ್ಟುಕೊಳ್ಳುವ ರೆಡಿಸ್‌ಗೆ ವರ್ಗಾಯಿಸಿದ ಮೇಲೆ ಪರಿಸ್ಥಿತಿ ಗಣನೀಯವಾಗಿ ಸುಧಾರಿಸಿದೆ. ಎರಡನೇ ವೆಬ್ ಸರ್ವರ್ ಸೇರಿಸಿದಾಗ, ಬಳಕೆದಾರರು ಅಪ್‌ಲೋಡ್ ಮಾಡಿದ ಕಡತಗಳು ಎರಡಕ್ಕೂ ಸಿಗಬೇಕಲ್ಲ, ಅದಕ್ಕಾಗಿ ಸದ್ಯ ಜಾಲದ ಮೂಲಕ ಕಡತಗಳನ್ನು ಹಂಚಿಕೊಳ್ಳುವ ಎನ್‌ಎಫ್‌ಎಸ್ ಬಳಸಿದ್ದೇನೆ; ಈ ಏರ್ಪಾಡು ಮಾತ್ರ ನನಗೆ ಅಷ್ಟಾಗಿ ಹಿಡಿಸಿಲ್ಲ.