ತಪ್ಪಿ ಹೋದ ಮೇಲ್ ವಾಪಸ್ ಬರುತ್ತಾ? ನಿಮ್ಮ ಅನುಭವ ಹೇಳಿ

ಗಂಗಾವತಿ, ಅಕ್ಕಿ ಮಿಲ್ಲಿನ ಆಫೀಸ್:
ನಮ್ಮಲ್ಲಿ ಇನ್‌ವಾಯ್ಸ್, ದರಪಟ್ಟಿ ಎಲ್ಲ ಒಂದೇ ಜಿಮೇಲ್‌ನಿಂದ ಹೋಗುತ್ತವೆ. ಕೂತು ಕಳಿಸುವವರು ಮೂರು ಜನ. ಈಚೆಗೆ ಒಬ್ಬ ವ್ಯಾಪಾರಿಗೆ ಹಾಕಿದ ಸೋನಾ ಮಸೂರಿ ದರ ಅದೇ ಹೆಸರಿನ ಇನ್ನೊಬ್ಬರಿಗೆ ಹೋಯಿತು. "ಅವರಿಗೆ ಕ್ವಿಂಟಲ್‌ಗೆ ಕಡಿಮೆ, ನಮಗೆ ಜಾಸ್ತಿ, ಏನ್ರೀ ಇದು?" ಎಂದು ಅವರ ಫೋನ್ ಬಂತು. ವಾಟ್ಸಾಪ್‌ನಲ್ಲಿ ಎಲ್ಲರ ಕಡೆಯಿಂದಲೂ ಡಿಲೀಟ್ ಮಾಡುವ ಹಾಗೆ ಮೇಲ್‌ನಲ್ಲೂ ಏನಾದರೂ ಇದೆಯಾ? ಸೆಂಟ್‌ನಿಂದ ಅಳಿಸಿದರೆ ಸಾಕಾ?

ಬಳ್ಳಾರಿ, ಜೀನ್ಸ್ ಯೂನಿಟ್‌ನ ಲೆಕ್ಕ ನೋಡುವವನು:
ಸಾಕಾಗಲ್ಲ ಅಣ್ಣಾ. ಸೆಂಟ್‌ನಲ್ಲಿ ಅಳಿಸಿದರೆ ನಿಮ್ಮ ಪ್ರತಿ ಮಾತ್ರ ಹೋಗುತ್ತದೆ. ಅವರದು ಅವರ ಇನ್‌ಬಾಕ್ಸ್‌ನಲ್ಲೇ ಇರುತ್ತದೆ. ಇಬ್ಬರದೂ ಜಿಮೇಲ್ ಆದರೂ ಅಷ್ಟೇ.

ಜಿಮೇಲ್‌ನ ಅನ್‌ಡೂ ಕೂಡ ಹೋದದ್ದನ್ನು ವಾಪಸ್ ತರುವುದಿಲ್ಲ. ಸೆಂಡ್ ಒತ್ತಿದ ಮೇಲೂ ಮೇಲನ್ನು ಸ್ವಲ್ಪ ಹೊತ್ತು ತಡೆದು ಇಟ್ಟುಕೊಂಡಿರುತ್ತದೆ. ಅಷ್ಟರಲ್ಲಿ ಅನ್‌ಡೂ ಒತ್ತಿದರೆ ಮೇಲ್ ಮತ್ತೆ ಡ್ರಾಫ್ಟ್ ಆಗಿ ತೆರೆಯುತ್ತದೆ. ನಾವು ಏನೂ ಬದಲಿಸದಿದ್ದರೆ ಸಿಗುವುದು 5 ಸೆಕೆಂಡ್. ಅಷ್ಟರಲ್ಲಿ ಯಾರಿಗೆ ತಪ್ಪು ಗೊತ್ತಾಗುತ್ತದೆ ಹೇಳಿ! ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ಸೆಟ್ಟಿಂಗ್ಸ್, ಅದರಲ್ಲಿ ಜನರಲ್, ಅಲ್ಲಿ ಅನ್‌ಡೂ ಸೆಂಡ್. 10, 20, 30 ಇರುತ್ತವೆ. ಕಣ್ಣು ಮುಚ್ಚಿ 30 ಹಾಕಿ. ಪುಟದ ಕೆಳಗಿರುವ ಸೇವ್ ಚೇಂಜಸ್ ಒತ್ತಬೇಕು. ನಮ್ಮಲ್ಲಿ ಎಷ್ಟೋ ಜನ ಅದನ್ನೇ ಬಿಡುತ್ತಾರೆ, ಆಮೇಲೆ "ಕೆಲಸ ಮಾಡಲ್ಲ" ಅಂತಾರೆ.

ರಾಯಚೂರು, ಕಾಲೇಜು ಆಫೀಸ್:
ಮೈಕ್ರೋಸಾಫ್ಟ್‌ನ ಮೇಲ್ ಔಟ್‌ಲುಕ್‌ನಲ್ಲಿ ರೀಕಾಲ್ ಇದೆಯಲ್ಲ ಸರ್? ನಮ್ಮ ಸಿಬ್ಬಂದಿಗೆ ಹೋದ ಮೇಲನ್ನು ಹಾಗೇ ತೆಗೆಸಿದ್ದೇವೆ.

ಸಿಂಧನೂರು, ಟ್ಯಾಕ್ಸ್ ಕೆಲಸ:
ಮೇಡಂ, ಅದು ನಿಮ್ಮ ಸಂಸ್ಥೆಯ ಒಳಗೆ ಮಾತ್ರ ನಡೆಯುತ್ತದೆ. ಕಳಿಸಿದವರು, ಪಡೆದವರು ಇಬ್ಬರೂ ಒಂದೇ ಸಂಸ್ಥೆಯ ಮೈಕ್ರೋಸಾಫ್ಟ್ ವ್ಯವಸ್ಥೆಯಲ್ಲಿ ಇರಬೇಕು. ಹೊರಗಿನ ಜಿಮೇಲ್‌ಗೆ ಹೋದದ್ದಕ್ಕೆ ಉಪಯೋಗವಿಲ್ಲ. ಔಟ್‌ಲುಕ್‌ನಲ್ಲಿ ನನಗೆ ಇದಕ್ಕಿಂತ ಹಿಡಿಸುವುದು ತಡ ಮಾಡಿ ಕಳಿಸುವ ರೂಲ್. ಕಂಪ್ಯೂಟರ್‌ಗೆ ಹಾಕಿಕೊಳ್ಳುವ ಹಳೆಯ ಔಟ್‌ಲುಕ್‌ನಲ್ಲಿ 120 ನಿಮಿಷದವರೆಗೂ ಹಿಡಿದಿಡಬಹುದು. ನಾನು ಎರಡು ನಿಮಿಷ ಇಟ್ಟಿದ್ದೇನೆ. ಅದಕ್ಕಿಂತ ಜಾಸ್ತಿ ಇಟ್ಟರೆ ಕಕ್ಷಿದಾರರು "ಇನ್ನೂ ಬಂದಿಲ್ಲ" ಎಂದು ಫೋನ್ ಮಾಡುತ್ತಾರೆ.

ಗಂಗಾವತಿಯವರ ತೊಂದರೆ ನಿಜವಾಗಿ ಇರುವುದು ಹೆಸರಿನಲ್ಲಿ. ಎರಡಕ್ಷರ ಒತ್ತಿದರೆ ಜಿಮೇಲ್ ತಾನೇ ಒಂದು ವಿಳಾಸ ತೋರಿಸುತ್ತದೆ, ನಾವು ಎಂಟರ್ ಒತ್ತಿಬಿಡುತ್ತೇವೆ. ಗೂಗಲ್ ಕಾಂಟ್ಯಾಕ್ಟ್ಸ್‌ಗೆ ಹೋಗಿ. ಅದರ್ ಕಾಂಟ್ಯಾಕ್ಟ್ಸ್ ಅಂತ ಇರುತ್ತದೆ. ಅಲ್ಲಿ ಹಳೆಯ, ಬೇಡದ ವಿಳಾಸಗಳನ್ನು ಅಳಿಸಿ. ಉಳಿದವರ ಹೆಸರಿನ ಮುಂದೆ ಊರು ಸೇರಿಸಿ: ಕಾರಟಗಿ, ಮಾನ್ವಿ, ಹೊಸಪೇಟೆ ಹೀಗೆ. ಇಷ್ಟು ಮಾಡಿದರೆ ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ.

ಇನ್ನೊಂದು. ವಿಳಾಸವನ್ನು ಕೊನೆಗೆ ತುಂಬಿ. ಮೊದಲು ಫೈಲ್, ಆಮೇಲೆ ಬರಹ, ಎಲ್ಲ ಓದಿದ ಮೇಲೆ ವಿಳಾಸ. ಆ ಜಾಗ ಖಾಲಿ ಇದ್ದರೆ ಕೈತಪ್ಪಿ ಸೆಂಡ್ ಒತ್ತಿದರೂ ಮೇಲ್ ಹೊರಡುವುದೇ ಇಲ್ಲ. ರಿಪ್ಲೈ ಮಾಡುವಾಗ ವಿಳಾಸ ತಾನೇ ಬಂದು ಕೂತಿರುತ್ತದೆ, ಆದ್ದರಿಂದ ದರ ಕಳಿಸುವಾಗ ಹಳೆ ಮೇಲ್‌ಗೆ ರಿಪ್ಲೈ ಬೇಡ, ಹೊಸದು ತೆರೆಯಿರಿ.

ಕೊಪ್ಪಳ:
ದರಪಟ್ಟಿಯನ್ನು ಫೈಲಾಗಿ ಯಾಕೆ ಲಗತ್ತಿಸುತ್ತೀರಿ? ಗೂಗಲ್ ಡ್ರೈವ್‌ನಲ್ಲಿಟ್ಟು, ಅವರೊಬ್ಬರಿಗೇ ಅನುಮತಿ ಕೊಟ್ಟು ಲಿಂಕ್ ಕಳಿಸಿ. ತಪ್ಪಾದರೆ ಅನುಮತಿ ತೆಗೆಯಬಹುದು. ಅವರು ಅಷ್ಟರಲ್ಲಿ ಡೌನ್‌ಲೋಡ್ ಮಾಡಿಕೊಂಡಿದ್ದರೆ ಮಾತ್ರ ಏನೂ ಮಾಡಕ್ಕಾಗಲ್ಲ. ಪಡೆದವರು ಮುಂದೆ ಕಳಿಸದ, ಡೌನ್‌ಲೋಡ್ ಮಾಡದ ಹಾಗೆ ತಡೆಯುವ ಜಿಮೇಲ್‌ನ ಕಾನ್ಫಿಡೆನ್ಷಿಯಲ್ ಮೋಡ್ ಅನ್ನು ಬಹಳ ಜನ ಹೊಗಳುತ್ತಾರೆ. ಸ್ಕ್ರೀನ್‌ಶಾಟ್ ತೆಗೆದರೆ ಅದೂ ಮುಗಿಯಿತು ಅಲ್ವಾ?

ಗಂಗಾವತಿ, ಅಕ್ಕಿ ಮಿಲ್ಲಿನ ಆಫೀಸ್:
ಎಲ್ಲರಿಗೂ ಥ್ಯಾಂಕ್ಸ್. 30 ಹಾಕಿ ಸೇವ್ ಮಾಡಿದೆ. ಇನ್ನಿಬ್ಬರ ಕಂಪ್ಯೂಟರ್‌ನಲ್ಲೂ ಬೇರೆಬೇರೆ ಹಾಕಬೇಕಾ? ನಮ್ಮ ಹುಡುಗ ಫೋನ್‌ನಿಂದಲೂ ಕಳಿಸುತ್ತಾನೆ.

ಬಳ್ಳಾರಿ, ಜೀನ್ಸ್ ಯೂನಿಟ್‌ನ ಲೆಕ್ಕ ನೋಡುವವನು:
ಒಂದೇ ಅಕೌಂಟ್ ಆದರೆ ಬೇಡ, ಬ್ರೌಸರ್‌ನಲ್ಲಿ ಎಲ್ಲೇ ತೆರೆದರೂ 30 ಇರುತ್ತದೆ. ಹುಡುಗನ ಫೋನ್ ಆಂಡ್ರಾಯ್ಡ್ ಆಗಿದ್ದರೆ ಜಿಮೇಲ್ ಆ್ಯಪ್‌ನ ಜನರಲ್ ಸೆಟ್ಟಿಂಗ್ಸ್‌ನಲ್ಲಿ ಕನ್ಫರ್ಮ್ ಬಿಫೋರ್ ಸೆಂಡಿಂಗ್ ಆನ್ ಮಾಡಿ. ಪ್ರತಿ ಸಲ "ಕಳಿಸಲಾ?" ಎಂದು ಕೇಳುತ್ತದೆ. ಅವನಿಗೆ ಕಿರಿಕಿರಿ ಆಗುತ್ತದೆ, ಆಗಲಿ ಬಿಡಿ.