ಮೊದಲ ಚಿತ್ರ ಪ್ರದರ್ಶನ: ಹಾಲ್‌ನಲ್ಲಿ ಚಿತ್ರಗಳನ್ನು ಹೇಗೆ ಜೋಡಿಸಿದಿರಿ?

ಕೇಳಿದವರು, ಧಾರವಾಡ:
ಮುಂದಿನ ತಿಂಗಳು ಮೂರು ದಿನ ನನ್ನ ಮೊದಲ ಪ್ರದರ್ಶನ. 22 ಜಲವರ್ಣ, 4 ತೈಲವರ್ಣ. ಹಾಲ್ 30 ಅಡಿಗೆ 20 ಅಡಿ, ಒಂದು ಬದಿ ಪೂರ್ತಿ ಕಿಟಕಿ. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಕೈಯಲ್ಲಿ 25 ಸಾವಿರ ಇದೆ. ಯಾವುದನ್ನು ಎಲ್ಲಿ, ಎಷ್ಟು ಎತ್ತರಕ್ಕೆ ಹಾಕಲಿ?

ಜಲವರ್ಣದವನು:
25 ಸಾವಿರ ಅಂತಲೇ ನಾನೂ ಶುರು ಮಾಡಿದ್ದು ಸರ್. ಹಾಲ್ ಬಾಡಿಗೆ ಬಿಟ್ಟು 37,900 ಆಯಿತು. 18 ಫ್ರೇಮು, ಒಂದಕ್ಕೆ 850, ಅಲ್ಲಿಗೇ 15,300. ಪ್ಯಾನೆಲ್ ಬಾಡಿಗೆ 9,000. ಫೋಕಸ್ ಲೈಟು 6,500. ಟೆಂಪೋ ಹೋಗಿ ಬಂದದ್ದು 3,600. ಚಹಾ ಬಿಸ್ಕತ್ತಿಗೆ 2,100, ಅದರಲ್ಲಿ ಅರ್ಧ ತಿಂದವರು ಚಿತ್ರದ ಕಡೆ ತಿರುಗಿಯೂ ನೋಡಲಿಲ್ಲ. ಇನ್ನು 1,400 ಒಡೆದ ಗಾಜಿಗೆ. ಅದರ ಕಥೆ ಕೇಳಿ. ಪ್ಯಾನೆಲ್ ಮೇಲಿನ ಪೈಪಿಗೆ ತಂಗೂಸಿ ಕಟ್ಟಿ ಇಳಿಬಿಟ್ಟಿದ್ದೆ. ಕಾಣಿಸುವುದಿಲ್ಲ, ಚೆಂದ ಅಂತ. ಬೆಳಿಗ್ಗೆ ಬಾಗಿಲು ತೆಗೆದರೆ ನಾಲ್ಕು ಫ್ರೇಮು ನೆಲದ ಮೇಲೆ. ಗಂಟು ಜಾರಿತ್ತು. ಉಳಿದವೂ ಒಂದೊಂದು ಒಂದೊಂದು ಎತ್ತರಕ್ಕೆ ಇಳಿದು, ಒಗೆದ ಬಟ್ಟೆ ಹರವಿದ ಹಾಗೆ ಕಾಣುತ್ತಿದ್ದವು.

ಎತ್ತರಕ್ಕೆ ಲೆಕ್ಕ ಇದೆ. ಚಿತ್ರದ ನಡು ನೆಲದಿಂದ 57 ಇಂಚಿಗೆ ಬರಬೇಕು. 24 ಇಂಚಿನ ಫ್ರೇಮಾದರೆ ಅದಕ್ಕೆ 12 ಸೇರಿಸಿ, ಹಿಂದಿನ ತಂತಿ ಮೂರು ಇಂಚು ಜಗ್ಗುತ್ತದಲ್ವಾ, ಅದನ್ನು ಕಳೆದರೆ ಕೊಕ್ಕೆ 66ಕ್ಕೆ.

ಮೈಸೂರು ಶೈಲಿಯವಳು:
57 ಯಾರ ಕಣ್ಣಿಗೆ? ನಮ್ಮಮ್ಮ ನಾಲ್ಕು ಅಡಿ ಹತ್ತು ಇಂಚು. ನನ್ನ ಪ್ರದರ್ಶನದಲ್ಲಿ ಎಲ್ಲ 54ಕ್ಕೆ ಹಾಕಿದ್ದೆ, ಯಾರೂ ಬಗ್ಗಿ ನೋಡಲಿಲ್ಲ. ನಾನು ಸತ್ತದ್ದು ಗಾಜಿನಿಂದ. ಎದುರಿಗೆ ಕಿಟಕಿ. ಚಿನ್ನದ ಹಾಳೆಯ ಕೆಲಸಕ್ಕೆ ಆರು ತಿಂಗಳು ಕೂತಿದ್ದೆ, ಬಂದವರು ಗಾಜಿನಲ್ಲಿ ತಲೆ ಬಾಚಿಕೊಂಡು ಹೋದರು! ಕೊನೆಗೆ ಪಕ್ಕದ ಮನೆಯಿಂದ ಎರಡು ದಪ್ಪ ಬೆಡ್‌ಶೀಟ್ ತಂದು ಕಿಟಕಿಗೆ ಕಟ್ಟಿದೆ. ಲೈಟನ್ನು ನೇರ ಎದುರಿಗೆ ಇಟ್ಟರೂ ಅದೇ ಗೋಳು. ಮೇಲಿಂದ ಸುಮಾರು 30 ಡಿಗ್ರಿ ಓರೆಯಾಗಿ ಬಿಟ್ಟ ಮೇಲೆ ಗೆಜ್ಜೋ ಕೆಲಸದ, ಅಂದರೆ ಚಿನ್ನದ ಹಾಳೆಯ ಕೆಳಗೆ ಹಚ್ಚುವ ಲೇಪದ, ಉಬ್ಬು ಎದ್ದು ಕಂಡಿತು.

ಫ್ರೇಮ್ ಅಂಗಡಿಯವನು:
ಗಂಟು ಹಾಕಲು ಬರದವರು ತಂಗೂಸಿಗೆ ಬೈಯಬೇಡಿ. ಗಾಜು ಹಾಕಿದ ಫ್ರೇಮಿಗೆ ತಂಗೂಸಿ ಕಟ್ಟಿ ಅಂದವರು ಯಾರು? ತೂಕಕ್ಕೆ ಜಗ್ಗೇ ಜಗ್ಗುತ್ತದೆ. ಸ್ಟೀಲ್ ತಂತಿ ಹಾಕಿ, ಅದನ್ನು ಕಟ್ಟಲು ಫ್ರೇಮಿನ ಹಿಂದೆ ಎರಡು ಕಡೆ ಡಿ ರಿಂಗ್. 850ಕ್ಕೆ ಫ್ರೇಮ್ ಮಾಡಿಸಿದ್ದೀರಿ, ಹತ್ತು ರೂಪಾಯಿ ತಂತಿಗೆ ಜಿಪುಣತನ!

ಜಲವರ್ಣದವನು:
ಆ ತಂಗೂಸಿ ಕೊಟ್ಟವನೂ ಫ್ರೇಮ್ ಅಂಗಡಿಯವನೇ ಸ್ವಾಮಿ. ಸುಮ್ನೆ ಇರಿ.

ಚಿತ್ರಸಂತೆಗೆ ಹೋಗುವವನು:
ಇಷ್ಟೆಲ್ಲ ಯಾಕೆ? ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಬನ್ನಿ. ಫುಟ್‌ಪಾತ್ ಮೇಲೆ ಒರಗಿಸಿಟ್ಟು ಒಂದೇ ದಿನದಲ್ಲಿ ಏಳು ಮಾರಿದೆ. ಬೆಲೆ ದೊಡ್ಡದಾಗಿ ಬರೆದಿಡಿ, ಅಷ್ಟೇ.

ಮೈಸೂರು ಶೈಲಿಯವಳು:
ಬೆಲೆ ದೊಡ್ಡದಾಗಿ ಬರೆಯಲು ಅದೇನು ಟೊಮೆಟೊನಾ? ನಾನು ಪಟ್ಟಿ ಮಾಡಿ ಮೇಜಿನ ಮೇಲೆ ಇಟ್ಟಿದ್ದೆ. ಮಾರಾಟವಾದದ್ದಕ್ಕೆ ಕೆಂಪು ಚುಕ್ಕೆ.

ಚಿತ್ರಸಂತೆಗೆ ಹೋಗುವವನು:
ಎಷ್ಟು ಚುಕ್ಕೆ ಬಿತ್ತು ಮೇಡಂ?

ಮೈಸೂರು ಶೈಲಿಯವಳು:
ಎರಡು. ನಿಮ್ಮ ಏಳರ ದುಡ್ಡು ನನ್ನ ಒಂದರಲ್ಲೇ ಬಂತು.

ಕೇಳಿದವರು, ಧಾರವಾಡ:
ಎಲ್ಲರಿಗೂ ಥ್ಯಾಂಕ್ಸ್. ಆದರೆ ಕಿಟಕಿ ಮುಂದೆ ಪ್ಯಾನೆಲ್ ನಿಲ್ಲಿಸಿದರೆ ಎಷ್ಟು ಚಿತ್ರ ಹಿಡಿಯುತ್ತವೆ? ತೈಲವರ್ಣಕ್ಕೆ ಗಾಜಿಲ್ಲ, ಅವನ್ನು ಕಿಟಕಿಗೆ ಎದುರಿನ ಗೋಡೆಗೆ ಕೊಡಲಾ?

ಫ್ರೇಮ್ ಅಂಗಡಿಯವನು:
ಮೇಡಂ, ಚಿನ್ನದ ಹಾಳೆಗೆ ಯಾವ ಗಾಜು ಹಾಕಿಸಿದ್ದಿರಿ? ಮಾಮೂಲಿ ಎರಡು ಎಂಎಂ ತಾನೆ?