ಸಹಾಯ ಬೇಕು: ಹಾಸ್ಟೆಲ್ ಮುಂಬಾಗಿಲು ಹಸಿರು ದೀಪ ಬಂದರೂ ತೆರೆಯುತ್ತಿಲ್ಲ

ಮ್ಯಾಗ್ನೆಟ್ ಲಾಕ್ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ. ಕಾರ್ಡ್ ಹಿಡಿದರೆ ಬೀಪ್ ಬರುತ್ತೆ, ಹಸಿರು ದೀಪವೂ ಹತ್ತುತ್ತೆ, ಆದರೆ ಆಗಾಗ ಬಾಗಿಲು ಬಿಡೋದೇ ಇಲ್ಲ. ಅಂದರೆ ಕಾರ್ಡ್ ಸರಿಯಿದೆ. ಆಫೀಸಿನವರು ಮಾತ್ರ ಪ್ರತಿ ಸಲ ಹೊಸ ಕಾರ್ಡ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ!

ಈ ಲಾಕ್ ಹಿಡಿದಿರೋದೇ ಕರೆಂಟಿನಿಂದ. ಬಿಡಬೇಕಾದರೆ ರಿಲೇ, ಅಂದರೆ ಕಾರ್ಡ್ ಒಪ್ಪಿದಾಗ ತಾನೇ ಕೆಲಸ ಮಾಡುವ ಸ್ವಿಚ್, ಆ ಕರೆಂಟನ್ನು ಕಡಿಯಬೇಕು. ರಿಲೇಯ ಕಾಂಟ್ಯಾಕ್ಟ್ (ಒಳಗಿನ ಲೋಹದ ತುದಿಗಳು) ಬೇರೆಯಾಗದೆ ಅಂಟಿಕೊಂಡರೆ ಹೀಗಾಗುತ್ತೆ ಅನ್ನೋದು ನಮ್ಮ ಅಂದಾಜು. ಕರೆಂಟ್ ಹೋದ ಮೇಲೂ ಬಾಗಿಲಿನ ಕಬ್ಬಿಣದ ಪ್ಲೇಟಿನಲ್ಲಿ ಉಳಿದ ಕಾಂತತ್ವ ಕಾರಣವಾಗಿದ್ದರೆ ಒಮ್ಮೆ ಜೋರಾಗಿ ಎಳೆದಾಗ ಬಿಡಬೇಕಿತ್ತು, ಬಿಡುತ್ತಿಲ್ಲ.

ನಿಜವಾದ ಭಯ ಒಳಗಿನವರದ್ದು. ಎಕ್ಸಿಟ್ ಬಟನ್ ಲಾಕಿನ ವೈರನ್ನೇ ನೇರವಾಗಿ ಕಡಿಯುವಂತಿರಬೇಕು. ಅದೂ ಇದೇ ರಿಲೇ ಮೂಲಕ ಹೋಗುತ್ತಿದ್ದರೆ, ಬೆಂಕಿ ಬಿದ್ದಾಗ ಒಳಗಿರುವವರು ಸಿಕ್ಕಿಹಾಕಿಕೊಂಡಂತೆ. ಬ್ಯಾಟರಿ ಬ್ಯಾಕಪ್ ಇರೋದರಿಂದ ಮೇನ್ ಆಫ್ ಮಾಡಿದರೂ ಬಾಗಿಲು ತಕ್ಷಣ ಬಿಡಲ್ಲ.

ಪ್ಯಾನೆಲ್ ಬಿಚ್ಚದೆ ಬಟನ್ನಿನ ವೈರಿಂಗ್ ತಿಳಿಯೋದು ಹೇಗೆ? ಫೈರ್ ಅಲಾರಂ ಬಾರಿಸಿದಾಗ ಲಾಕ್ ಬಿಡುತ್ತಾ ಅಂತ ಎದುರಿಗೇ ಪರೀಕ್ಷೆ ಮಾಡಿಸಲು ದೂರಿನಲ್ಲಿ ಏನು ಬರೆಯಬೇಕು? ಅಲ್ಲಿಯವರೆಗೆ ಬಾಗಿಲಿಗೆ ಇಟ್ಟಿಗೆ ಕೊಟ್ಟು ತೆರೆದಿಡಿ ಅನ್ನೋ ಸಲಹೆ ಬೇಡ, ಅಪರಿಚಿತರೂ ಅದೇ ದಾರಿಯಲ್ಲಿ ಬರುತ್ತಾರೆ.